ವೈಮಾನಿಕರ ಗುರು ಬೋಲ್ಕೆ

ಮೊದಲನೆಯ ಮಹಾಯುದ್ಧದ ವೈಮಾನಿಕರೆಂದರೆ ಕೆಂಪು ವಿಮಾನದ ರಿಖ್ತ್‌ಹೋಫನ್ನನ ಹೆಸರನ್ನು ಅನೇಕರು ಕೇಳಿರುತ್ತಾರೆ. ಆತನಿಗೆ ಆಕಾಶದಲ್ಲಿ ಕಾದಾಡುವುದನ್ನು ಕಲಿಸಿಕೊಟ್ಟ ಓಸ್ವಾಲ್ಡ್ ಬೋಲ್ಕೆಯನ್ನು ಬಲ್ಲವರು ಕಡಮೆ.

ಜರ್ಮನಿಯ ಹಾಲೆ ನಗರದ ಬಳಿ 1891ರಲ್ಲಿ ಉಪಾಧ್ಯಾಯರೊಬ್ಬರ ಮಗನಾಗಿ ಬೋಲ್ಕೆ ಹುಟ್ಟಿದನು. ಉಬ್ಬಸದಿಂದ ನರಳುತ್ತಿದ್ದ ಹುಡುಗ. ಆದರೂ ಸೈನಿಕ ಶಾಲೆಯಲ್ಲಿ ಸ್ಥಾನ ಬೇಡಿ ಚಕ್ರವರ್ತಿಗೇ ಕಾಗದ ಬರೆದವನು! ಸ್ಥಾನ ದೊರೆಯಿತು, ಹೆತ್ತವರು ಒಪ್ಪಲಿಲ್ಲ. ಮುಂದೆ 1911ರಲ್ಲಿ ತಂತಿ ಪಡೆಯನ್ನು ಸೇರಿ, 1914ರಲ್ಲಿ ವಿಮಾನ ನಡೆಸಲು ಕಲಿತನು. ಮರುವರ್ಷ ದುವೇ ಪಟ್ಟಣದ ಕಾಲುವೆಯಲ್ಲಿ ಮುಳುಗುತ್ತಿದ್ದ ಫ್ರೆಂಚ್ ಬಾಲಕನೊಬ್ಬನನ್ನು ತಾನೇ ಧುಮುಕಿ ಬದುಕಿಸಿದನು. ಇಂತಹವನ ಕಸುಬು ಕೊಲ್ಲುವುದಾಗಿತ್ತೆಂಬುದು ಯುದ್ಧಕಾಲದ ವಿಚಿತ್ರ.

ಆಗ ಹಾರುವುದನ್ನಷ್ಟೇ ಕಲಿತು ರಣರಂಗಕ್ಕೆ ಬಂದ ತರುಣರು ಉಳಿದುದನ್ನು ಶತ್ರುವಿನ ಗುಂಡಿನೆದುರಿಗೇ ಕಲಿಯಬೇಕಾಗಿದ್ದಿತು. 1916ರ ಜೂನಿನಲ್ಲಿ ಜೊತೆಗಾರ ಇಮ್ಮೆಲ್‌ಮಾನ್ ಮಡಿದಾಗ, ಇವನನ್ನೂ ಕಳೆದುಕೊಂಡೇವೆಂದು ಸರ್ಕಾರವು ಇವನ ಹಾರಾಟವನ್ನು ನಿಲ್ಲಿಸಿತು. ಆಗ ಬೋಲ್ಕೆ ತನ್ನ ಅನುಭವವನ್ನೆಲ್ಲ ಕೆಲವು ಸೂತ್ರಗಳಲ್ಲಿ ಬರೆದಿಟ್ಟನು: ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಎರಗಬೇಕು, ತೀರ ಸಮೀಪಿಸಿದ ಮೇಲೆಯೇ ಗುಂಡು ಹಾರಿಸಬೇಕು, ಮೇಲಿನಿಂದ ಶತ್ರು ಎರಗಿದರೆ ಓಡದೆ ಎದುರು ತಿರುಗಬೇಕು, ಇಬ್ಬರು ಒಬ್ಬನನ್ನೇ ಬೆನ್ನಟ್ಟಬಾರದು.

ಆಗಸ್ಟಿನಲ್ಲಿ ಎರಡನೆಯ ಬೇಟೆ ವಿಮಾನದಳವು ಅವನ ಕೈಗೆ ಬಂದಿತು. ಪೂರ್ವ ರಂಗಕ್ಕೆ ಹೋಗಿದ್ದಾಗ ರಿಖ್ತ್‌ಹೋಫನ್, ಬೋಮೆ ಮುಂತಾದವರನ್ನು ತಾನೇ ಆರಿಸಿದ್ದನು. ವಿಮಾನಗಳು ಸಾಲದಿದ್ದುದರಿಂದ ಮೊದಲು ನೆಲದ ಮೇಲೆಯೇ ಪಾಠ. ಮುಂಜಾನೆ ಗುರುವೊಬ್ಬನೇ ಹಾರಿಹೋಗುವನು; ಮರಳಿದಾಗ ಗಲ್ಲಕ್ಕೆ ಮದ್ದಿನ ಮಸಿ ಹತ್ತಿದ್ದರೆ ಒಂದು ವಿಮಾನ ಬಿದ್ದಿತೆಂದು ಶಿಷ್ಯರು ತಿಳಿಯುವರು. ಕೂಡಿ ಹಾರುವುದು ಅಭ್ಯಾಸವಾಗುವವರೆಗೆ ಅವರನ್ನು ಕಾಳಗಕ್ಕೆ ಬಿಡಲಿಲ್ಲ. ಸೆಪ್ಟೆಂಬರ್ 17ರಂದು ಹೊಸ ಆಲ್ಬಟ್ರಾಸ್ ವಿಮಾನಗಳಲ್ಲಿ ಅವರನ್ನು ಕರೆದೊಯ್ದನು. ರಿಖ್ತ್‌ಹೋಫನ್ನನ ಮೊದಲ ಜಯ ಅಂದಿನದು.

ಬೋಲ್ಕೆ ತಾನೂ ಎರಡು ತಿಂಗಳೊಳಗೆ ಇಪ್ಪತ್ತೊಂದು ವಿಮಾನಗಳನ್ನು ಕೆಡವಿದನು, ಒಟ್ಟು ನಲವತ್ತು. ಅಕ್ಟೋಬರ್ 28ರಂದು ಅವನೂ ಬೋಮೆಯೂ ಒಂದೇ ಬ್ರಿಟಿಷ್ ವಿಮಾನದ ಬೆನ್ನು ಹತ್ತಿದ್ದರು. ಬೋಮೆಯ ವಿಮಾನದ ಗಾಲಿ ಗುರುವಿನ ವಿಮಾನದ ರೆಕ್ಕೆಗೆ ತಗುಲಿತು. ಬೋಲ್ಕೆಗೆ ಇನ್ನೂ ಇಪ್ಪತ್ತೈದು ವರ್ಷ. ಬ್ರಿಟಿಷ್ ವೈಮಾನಿಕರೂ ಆಕಾಶದಿಂದ ಹೂಮಾಲೆಯನ್ನು ಇಳಿಬಿಟ್ಟರು.

ಬೋಮೆ ಗುರುವಿಗಿಂತ ಹನ್ನೆರಡು ವರ್ಷ ಹಿರಿಯನಾಗಿದ್ದನು. ಬೋಲ್ಕೆಯ ಹೆಸರನ್ನೇ ಪಡೆದ ಆ ದಳವು ಮರುವರ್ಷ ಅವನ ಕೈಗೆ ಬಂದಿತು. 1917ರ ನವೆಂಬರಿನಲ್ಲಿ ಅವನೂ ಹೋರಾಡುತ್ತಲೇ ಮಡಿದನು.