ಮಧುಬಾಲಾ: ಹೃದಯದ ಒಂದು ರಂಧ್ರದ ಕತೆ

ಮಧುಬಾಲಾ ಎಂದೊಡನೆ ನಿಮ್ಮಲ್ಲಿ ಹಿರಿಯರಿಗೆ ‘ಮೊಘಲ್-ಎ-ಆಝಮ್’ನ ಅನಾರ್ಕಲಿ ನೆನಪಾಗುತ್ತಾಳೆ. ವಿದ್ಯಾಸಂಸ್ಥೆಯ ಸಂಚಿಕೆಯಲ್ಲಿ ಸಿನಿಮಾ ನಟಿಯ ವಿಷಯವೇಕೆಂದು ಹುಬ್ಬೇರಿಸಬೇಡಿ. ನಾನು ಹೇಳಹೊರಟಿರುವುದು ಅವರ ಹೃದಯದ ಕುರಿತು.

1933ರ ಫೆಬ್ರವರಿ 14ರಂದು ದೆಹಲಿಯಲ್ಲಿ ಜನಿಸಿದ ಅವರ ನಿಜನಾಮ ಮುಮ್ತಾಜ್ ಜಹಾನ್ ಬೇಗಂ. ಶಾಲೆಗೆ ಹೋದವರಲ್ಲ, ಉರ್ದುವನ್ನು ತಂದೆ ಅತಾವುಲ್ಲಾ ಖಾನರಿಂದಲೇ ಕಲಿತರು. ತಂದೆಯ ಕೆಲಸ ಹೋದಾಗ ದೊಡ್ಡ ಸಂಸಾರದ ಅನ್ನದ ಭಾರ ಈ ಹುಡುಗಿಯ ಹೆಗಲಿಗೆ ಬಿತ್ತು. 1942ರಲ್ಲಿ ‘ಬಸಂತ್’ನ ಬಾಲನಟಿ, 1947ರಲ್ಲಿ ‘ನೀಲ್ ಕಮಲ್’ನ ನಾಯಕಿ. 1949ರ ‘ಮಹಲ್’ ಬಳಿಕ ದೇಶವೆಲ್ಲ ಬಲ್ಲ ಹೆಸರು.

ಹುಟ್ಟಿನಿಂದಲೇ ಅವರ ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರವಿತ್ತು. ಎಡಗೋಣೆ ಇಡೀ ದೇಹಕ್ಕೆ ರಕ್ತ ನೂಕುವುದರಿಂದ ಅಲ್ಲಿ ಒತ್ತಡ ಹೆಚ್ಚು. ಬಲಗೋಣೆಯದು ಪಕ್ಕದ ಶ್ವಾಸಕೋಶಕ್ಕೆ ಕಳಿಸುವ ಹಗುರ ಕೆಲಸ. ರಂಧ್ರ ದೊಡ್ಡದಿದ್ದರೆ ಎಡದ ರಕ್ತ ಬಲಕ್ಕೆ ನುಗ್ಗಿ ಶ್ವಾಸಕೋಶದ ನಾಳಗಳ ಮೇಲೆ ಬೀಳುತ್ತದೆ. ವರ್ಷಗಟ್ಟಲೆ ಹೊಡೆತ ತಿಂದ ನಾಳಗಳು ದಪ್ಪಗಟ್ಟಿ ಕಿರಿದಾಗುತ್ತವೆ. ಆಗ ಬಲಗೋಣೆ ಶಕ್ತಿ ಮೀರಿ ದುಡಿಯಬೇಕಾಗುತ್ತದೆ. ಕೊನೆಗೆ ಅಶುದ್ಧ ರಕ್ತವೇ ಎಡಕ್ಕೆ ಹರಿದು ತುಟಿ, ಉಗುರು ನೀಲಿಯಾಗುತ್ತವೆ. ಬಲಭಾಗ ಸೋತರೆ ಕಾಲು ಊದುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಯಕೃತ್ತು ಹಿಗ್ಗುತ್ತದೆ. ಈ ಹಂತದಲ್ಲಿ ರಂಧ್ರ ಮುಚ್ಚುವುದೇ ಅಪಾಯ, ಏಕೆಂದರೆ ದಣಿದ ಬಲಗೋಣೆಯ ಭಾರ ಇಳಿಸುವ ಹೊರದಾರಿ ಅದೇ.

1954ರಲ್ಲಿ ಮದ್ರಾಸಿನಲ್ಲಿ ಚಿತ್ರೀಕರಣದಲ್ಲಿದ್ದಾಗ ಅವರು ರಕ್ತ ವಾಂತಿ ಮಾಡಿಕೊಂಡರು. ವಿಧಿಯ ವಿಚಿತ್ರ ನೋಡಿ: ಅದೇ ವರ್ಷ ಅಮೆರಿಕದ ಮಿನ್ನೆಸೋಟಾದಲ್ಲಿ ಡಾ. ಲಿಲ್ಲೆಹೈ ಇಂಥದೇ ರಂಧ್ರವನ್ನು ಹೃದಯ ತೆರೆದು ಮೊದಲ ಬಾರಿ ಹೊಲಿದರು. ಮಧುಬಾಲಾ ಮಾತ್ರ ರೋಗವನ್ನು ಗುಟ್ಟಾಗಿಟ್ಟು ದುಡಿದರು. ‘ಮೊಘಲ್-ಎ-ಆಝಮ್’ಗಾಗಿ ಭಾರವಾದ ಕಬ್ಬಿಣದ ಸರಪಳಿಗಳನ್ನೂ ಹೊತ್ತರು. ಇದನ್ನು ಕಲಾಭಕ್ತಿ ಎಂದು ಹೊಗಳುವವರಿದ್ದಾರೆ. ನನಗೆ ಸಂಕಟವೇ ಹೆಚ್ಚು.

1960ರಲ್ಲಿ ಚಿತ್ರ ತೆರೆಕಂಡಿತು. ಅದೇ ವರ್ಷ ಕಿಶೋರ್ ಕುಮಾರರನ್ನು ಮದುವೆಯಾಗಿ ಲಂಡನ್ನಿಗೆ ಹೋದರು. ಅಲ್ಲಿನ ವೈದ್ಯರು ಶಸ್ತ್ರಚಿಕಿತ್ಸೆಗೆ ಒಪ್ಪಲಿಲ್ಲ. ಎರಡು ವರ್ಷ ಬದುಕಬಹುದು ಎಂದರು.

ಓದುಗರೇ, ಇಂದು ಹಾಗಿಲ್ಲ. ಎಕೋ ಪರೀಕ್ಷೆಯಲ್ಲಿ ರಂಧ್ರ ಕಾಣುತ್ತದೆ. ಸಣ್ಣದಾದರೆ ತಾನೇ ಮುಚ್ಚಿಕೊಳ್ಳುವುದುಂಟು. ದೊಡ್ಡದನ್ನು ಸಾಮಾನ್ಯವಾಗಿ ಶೈಶವದಲ್ಲೇ ಮುಚ್ಚುತ್ತಾರೆ. ಸಂಪಾಜೆಯ ನಮ್ಮ ಮನೆಗಳಲ್ಲಿ ಹಾಲು ಕುಡಿಯುತ್ತಲೇ ಬೆವರಿ ಸುಸ್ತಾಗುವ, ತೂಕ ಏರದ, ಪದೇ ಪದೇ ನ್ಯುಮೋನಿಯಾ ಆಗುವ ಕೂಸಿದ್ದರೆ ದೃಷ್ಟಿ ತೆಗೆದು ಸುಮ್ಮನಾಗಬೇಡಿ. ಸುಳ್ಯಕ್ಕೋ ಮಂಗಳೂರಿಗೋ ಕರೆದೊಯ್ಯಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಅಂಗನವಾಡಿ, ಸರಕಾರಿ ಶಾಲೆಗಳಲ್ಲಿ ತಪಾಸಣೆ ಮಾಡುವ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ.

ಎರಡು ವರ್ಷ ಎಂದವರ ಲೆಕ್ಕ ಮೀರಿ ಮಧುಬಾಲಾ ಒಂಬತ್ತು ವರ್ಷ ಬದುಕಿದರು, ಬಹುಪಾಲು ಹಾಸಿಗೆಯಲ್ಲೇ. ಮನೆಯವರು ನೆನೆದಂತೆ, ದೇಹದಲ್ಲಿ ಹೆಚ್ಚಾಗುತ್ತಿದ್ದ ರಕ್ತವನ್ನು ಆಗಾಗ ತೆಗೆಯಬೇಕಿತ್ತು. ಗಂಟೆಗಟ್ಟಲೆ ಆಮ್ಲಜನಕ ಕೊಡಬೇಕಿತ್ತು. 1969ರ ಫೆಬ್ರವರಿ 23ರಂದು ಮುಂಬಯಿಯಲ್ಲಿ ಅವರು ತೀರಿಕೊಂಡರು. 36 ತುಂಬಿ ಒಂಬತ್ತೇ ದಿನಗಳಾಗಿದ್ದವು.