ಅಕ್ಷರದ ಸುತ್ತ ಮಸುಕು ಕಂಡರೆ ಅದು ಎಡಿಟ್ ಮಾಡಿದ ಫೋಟೊನಾ? ದರ್ಜಿಯ ಮಗ ಫೋರಿಯರ್ ಕತೆ ಓದಿ

ಸರ್ಕಾರಿ ಆದೇಶವೋ ಅಂಕಪಟ್ಟಿಯೋ ವಾಟ್ಸ್ಆ್ಯಪ್‌ಗೆ ಬಂದರೆ ಸಾಕು, ಗ್ರೂಪಿನಲ್ಲಿ ಯಾರೋ ಒಬ್ಬರು ಅದನ್ನು ಝೂಮ್ ಮಾಡಿ, ಅಕ್ಷರಗಳಿಗೆ ಕೆಂಪು ವೃತ್ತ ಎಳೆದು, ಇದು ಫೋಟೋಶಾಪ್ ಕೆಲಸ ಎಂದು ಫಾರ್ವರ್ಡ್ ಮಾಡುತ್ತಾರೆ. ಅಕ್ಷರದ ಸುತ್ತ ಮಸುಕು ಇರುವುದೇನೋ ನಿಜ. ಆದರೆ ಅದೊಂದನ್ನೇ ಹಿಡಿದು ದಾಖಲೆ ನಕಲಿ ಎನ್ನಲು ಬರುವುದಿಲ್ಲ. ಆ ಮಸುಕಿನ ಮೂಲ ಹುಡುಕುತ್ತ ಹೋದ ನಮಗೆ ಸಿಕ್ಕಿದ್ದು 200 ವರ್ಷ ಹಳೆಯ ಒಂದು ಜಗಳ.

ಜಗಳದ ಒಂದು ಕಡೆ ಇದ್ದವರು ಜೋಸೆಫ್ ಫೋರಿಯರ್. ಎಂಜಿನಿಯರಿಂಗ್ ಓದಿದವರಿಗೆ ಈ ಹೆಸರು ಕೇಳಿದರೆ ಎಂ-3 ಪರೀಕ್ಷೆ ನೆನಪಾಗಿ ಎದೆ ಹೊಡೆದುಕೊಳ್ಳಬಹುದು. ಫೋರಿಯರ್ ಹುಟ್ಟಿದ್ದು 1768ರ ಮಾರ್ಚ್ 21ರಂದು, ಫ್ರಾನ್ಸಿನ ಓಸೇರ್ ಪಟ್ಟಣದಲ್ಲಿ. ತಂದೆ ದರ್ಜಿ. ಹತ್ತರ ಆಸುಪಾಸಿನಲ್ಲೇ ಹುಡುಗ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ. ಸನ್ಯಾಸಿಗಳು ನಡೆಸುತ್ತಿದ್ದ ಸೈನಿಕ ಶಾಲೆಯಲ್ಲಿ ಗಣಿತದ ಹುಚ್ಚು ಹಿಡಿಯಿತು. ಫಿರಂಗಿ ದಳ ಸೇರುವ ಆಸೆಯಿತ್ತು, ಆದರೆ ಕುಲೀನ ಮನೆತನದವನಲ್ಲ ಎಂದು ಸೇರಿಸಿಕೊಳ್ಳಲಿಲ್ಲ. ಸನ್ಯಾಸಿಯಾಗಲು ಮಠಕ್ಕೆ ಹೋಗಿ, ದೀಕ್ಷೆ ಪಡೆಯದೆ 1789ರಲ್ಲಿ ಹೊರಬಂದರು. ಅದೇ ವರ್ಷ ಫ್ರೆಂಚ್ ಕ್ರಾಂತಿ ಶುರುವಾಯಿತು. 1794ರಲ್ಲಿ ಜೈಲಿಗೂ ಹೋದರು. ಅಷ್ಟರಲ್ಲಿ ರೋಬ್ಸ್‌ಪಿಯೆರ್ ಅಧಿಕಾರ ಉರುಳಿದ್ದರಿಂದ ಬಿಡುಗಡೆಯಾಯಿತು.

1798ರಲ್ಲಿ ನೆಪೋಲಿಯನ್ ಜೊತೆ ಈಜಿಪ್ಟಿಗೆ ಹೋದರು. ಮರಳಿದ ಮೇಲೆ ನೆಪೋಲಿಯನ್ ಅವರನ್ನು ಗ್ರನೋಬ್ಲ್ ನಗರ ಕೇಂದ್ರವಾಗಿದ್ದ ಈಝೇರ್ ಪ್ರಾಂತ್ಯಕ್ಕೆ ಪ್ರೀಫೆಕ್ಟ್ ಆಗಿ ಕಳಿಸಿದ. ನಮ್ಮ ಜಿಲ್ಲಾಧಿಕಾರಿಯಂಥ ಹುದ್ದೆ ಎನ್ನಿ. ಹಗಲು ಜೌಗು ನೆಲ ಒಣಗಿಸುವುದು, ರಸ್ತೆ ಮಾಡಿಸುವುದು, ಕಡತ ನೋಡುವುದು. ಇದರ ನಡುವೆ ಬಿಡುವು ಮಾಡಿಕೊಂಡು ಅವರು ಒಂದು ಪ್ರಶ್ನೆಯ ಬೆನ್ನು ಹತ್ತಿದ್ದರು: ಕಾದ ಲೋಹದಲ್ಲಿ ಬಿಸಿ ಹೇಗೆ ಹರಡುತ್ತದೆ?

1807ರಲ್ಲಿ ಉತ್ತರ ಬರೆದು ಪ್ಯಾರಿಸ್ಸಿನ ವಿದ್ವಾಂಸರ ಮುಂದಿಟ್ಟರು. ಅದರಲ್ಲಿದ್ದ ವಿಚಾರ ಇದು: ಎಷ್ಟೇ ಅಂಕುಡೊಂಕಾದ ಆಕಾರವನ್ನೂ ದೊಡ್ಡ, ಸಣ್ಣ, ಅತಿ ಸಣ್ಣ ಅಲೆಗಳನ್ನು ಒಂದರ ಮೇಲೊಂದು ಕೂಡಿಸಿ ಕಟ್ಟಬಹುದು. ಪರಿಶೀಲಿಸಿದ ನಾಲ್ವರಲ್ಲಿ ಹಿರಿಯ ಗಣಿತಜ್ಞ ಲಗ್ರಾಂಜ್ ಒಪ್ಪಲಿಲ್ಲ. ನುಣುಪಾದ ಅಲೆಗಳನ್ನು ಕೂಡಿಸಿ ಚೂಪಾದ ಮೂಲೆ ತರುವುದು ಹೇಗೆ ಎಂಬುದು ತಕರಾರು. 1811ರಲ್ಲಿ ಫೋರಿಯರ್ ಅದನ್ನೇ ತಿದ್ದಿ ಸ್ಪರ್ಧೆಗೆ ಕಳಿಸಿದರು. ಬಹುಮಾನ ಬಂತು, ಜೊತೆಗೆ ಸಾಧನೆ ಬಿಗಿಯಾಗಿಲ್ಲ ಎಂಬ ಕೊಂಕೂ ಬಂತು. ಪುಸ್ತಕ ಹೊರಬರಲು 1822 ಆಗಬೇಕಾಯಿತು. ಆಮೇಲೆ ವಾತಾವರಣ ಭೂಮಿಯನ್ನು ಬೆಚ್ಚಗಿಡುವ ಬಗ್ಗೆಯೂ ಬರೆದ ಅವರು 1830ರ ಮೇ 16ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡರು.

ಲಗ್ರಾಂಜ್ ಸುಮ್ಮನೆ ಅಡ್ಡಗಾಲು ಹಾಕಿದರು ಎಂಬ ಧಾಟಿಯಲ್ಲಿ ಈ ಕತೆ ಹೇಳುವುದು ನಮಗೆ ಸರಿ ಕಾಣುವುದಿಲ್ಲ. ಅವರ ತಕರಾರಿನಲ್ಲಿ ಹುರುಳಿತ್ತು. ಲೆಕ್ಕವಿಲ್ಲದಷ್ಟು ಅಲೆ ಸೇರಿಸುತ್ತ ಹೋದರೆ ಫೋರಿಯರ್ ಹೇಳಿದ್ದೇ ಸರಿ. ಆದರೆ ಕೆಲವೇ ಅಲೆಗಳಿಗೆ ನಿಲ್ಲಿಸಿದರೆ ಚೂಪಾದ ಅಂಚಿನ ಪಕ್ಕದಲ್ಲಿ ಸಣ್ಣ ತೆರೆಗಳು ಉಳಿದುಬಿಡುತ್ತವೆ. ಫಾರ್ವರ್ಡ್ ಆದ ಚಿತ್ರದಲ್ಲಿ ಅಕ್ಷರದ ಸುತ್ತ ನಿಮಗೆ ಕಾಣುವ ಮಸುಕು ಬಹುತೇಕ ಇದೇ.

ಏಕೆಂದರೆ ನಿಮ್ಮ ಫೋನಿನ ಜೆಪೆಗ್ ಫೋಟೊ ಕೆಲಸ ಮಾಡುವುದೇ ಹೀಗೆ. ಚಿತ್ರವನ್ನು 8x8 ಚುಕ್ಕಿಗಳ ಪುಟ್ಟ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕವನ್ನೂ 64 ಬಗೆಯ ಅಲೆಗಳ ಮೊತ್ತವಾಗಿ ಬರೆದು, ಕಣ್ಣಿಗೆ ಅಷ್ಟಾಗಿ ಕಾಣದ ಸಣ್ಣ ಅಲೆಗಳನ್ನು ಕೈಬಿಡುತ್ತದೆ. ಫೈಲ್ ಚಿಕ್ಕದಾಗುತ್ತದೆ. ಮುಖ, ಆಕಾಶ, ಗದ್ದೆಯ ಚಿತ್ರದಲ್ಲಿ ಇದು ಗೊತ್ತೇ ಆಗುವುದಿಲ್ಲ. ಬಿಳಿ ಹಾಳೆಯ ಮೇಲಿನ ಕಪ್ಪು ಅಕ್ಷರದಲ್ಲಿ ಮಾತ್ರ ಲಗ್ರಾಂಜ್ ಹೇಳಿದ ಮೂಲೆ ಎದುರಾಗುತ್ತದೆ.

ಹಾಗಂತ ಜೆಪೆಗ್ ಕಂಡುಹಿಡಿದದ್ದು ಫೋರಿಯರ್ ಎಂದು ಫಾರ್ವರ್ಡ್ ಮಾಡಬೇಡಿ. ಜೆಪೆಗ್ ಮಾನದಂಡ ಬಂದದ್ದು 1992ರಲ್ಲಿ. ಅದರೊಳಗಿನ ಅಲೆ ಲೆಕ್ಕವನ್ನು, ಅಂದರೆ ಡಿಸಿಟಿಯನ್ನು, ರೂಪಿಸಿದ್ದು ಬೆಂಗಳೂರಿನಲ್ಲಿ ಹುಟ್ಟಿ ಇಲ್ಲಿನ ಯುವಿಸಿಇಯಲ್ಲಿ ಓದಿದ ನಾಸಿರ್ ಅಹ್ಮದ್. 1972ರಲ್ಲಿ ಅಮೆರಿಕದಲ್ಲಿ ಅವರು ಈ ಕೆಲಸಕ್ಕೆ ಅನುದಾನ ಕೇಳಿದಾಗ ಸಿಗಲಿಲ್ಲ. ಆದರೂ ಬಿಡದೆ ಟಿ. ನಟರಾಜನ್, ಕೆ. ಆರ್. ರಾವ್ ಜೊತೆ 1974ರಲ್ಲಿ ಪ್ರಕಟಿಸಿದರು.

ಈಗ ಆ ಕೆಂಪು ವೃತ್ತದ ವಿಚಾರ. ಮಸುಕು ಎಲ್ಲಾ ಅಕ್ಷರಗಳ ಸುತ್ತ ಒಂದೇ ಥರ ಇದ್ದರೆ ಅದು ಕಂಪ್ರೆಶನ್ ಗುರುತು. ಒಂದೇ ಸಾಲಿನಲ್ಲಿ ಬೇರೆ ಥರ ಇದ್ದರೆ ಅನುಮಾನಿಸಿ, ಆದರೂ ತೀರ್ಪು ಕೊಡುವ ಮುನ್ನ ಇಲಾಖೆಯ ವೆಬ್‌ಸೈಟಿನಲ್ಲಿ ಮೂಲ ಪ್ರತಿ ನೋಡಿ. ಮದುವೆ ಕಾರ್ಡು, ಲೋಗೊ, ಬ್ಯಾನರ್ ಮಾಡುವವರು ಅಕ್ಷರವಿರುವ ಚಿತ್ರವನ್ನು ಪಿಎನ್‌ಜಿಯಲ್ಲಿ ಉಳಿಸಿ, ಪ್ರಿಂಟಿಂಗ್ ಪ್ರೆಸ್ಸಿಗೆ ಕಳಿಸುವಾಗ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಪಿಎನ್‌ಜಿ ಏನನ್ನೂ ಕೈಬಿಡದೆ ಕುಗ್ಗಿಸುತ್ತದೆ. ಆದರೆ ಆಗಲೇ ಮಸುಕಾದ ಜೆಪೆಗ್ಗನ್ನು ಪಿಎನ್‌ಜಿಗೆ ಬದಲಿಸಿದರೆ ಚಿತ್ರ ಮತ್ತೆ ಸ್ಪಷ್ಟವಾಗುತ್ತದೆ ಎಂಬ ಸಲಹೆ ಬಂದರೆ ನಂಬಬೇಡಿ, ಬಿಟ್ಟುಹೋದ ಅಲೆಗಳು ಮರಳುವುದಿಲ್ಲ, ಫೈಲ್ ಗಾತ್ರ ಮಾತ್ರ ಹಿಗ್ಗುತ್ತದೆ.