ಹರ್ಮನ್ ಆನಂದರಾವ್ ಕೌಂಡಿನ್ಯ

ಹರ್ಮನ್ ಆನಂದರಾವ್ ಕೌಂಡಿನ್ಯ (1825–1893) ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿ, ತಾರುಣ್ಯದಲ್ಲೇ ಕ್ರೈಸ್ತ ಮತವನ್ನು ಸ್ವೀಕರಿಸಿ, ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಸೇವೆ ಸಲ್ಲಿಸಿದವರು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಶಿಕ್ಷಣ ಪಡೆದು ಆ ಸಂಸ್ಥೆಯ ಮಿಶನರಿಯಾಗಿ ಮರಳಿದ ಮೊದಲ ಭಾರತೀಯರೆಂದು ಅವರನ್ನು ಗುರುತಿಸಲಾಗುತ್ತದೆ. ಕೊಡಗಿನ ಆನಂದಪುರದ ಕ್ರೈಸ್ತ ಸಭೆಯ ಬೆಳವಣಿಗೆಯಲ್ಲಿ ಅವರ ಪಾತ್ರ ಹಿರಿದು.

ಹಿನ್ನೆಲೆ

ಬಾಸೆಲ್ ಮಿಶನ್ನಿನ ಮೊದಲ ಮೂವರು ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ಎರಡು ವರ್ಷಗಳ ಅನಂತರ ಹರ್ಮನ್ ಮೊಗ್ಲಿಂಗ್ ಅವರನ್ನು ಕೂಡಿಕೊಂಡರು. 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಪತ್ರಿಕೆಯನ್ನು ಆರಂಭಿಸಿದ ಕಾರಣ ಮೊಗ್ಲಿಂಗರ ಹೆಸರು ಕನ್ನಡಿಗರಿಗೆ ಚಿರಪರಿಚಿತ. ಮಿಶನ್ನಿನವರು ನಡೆಸುತ್ತಿದ್ದ ಇಂಗ್ಲಿಷ್ ಶಾಲೆಗೆ ಊರಿನ ಮೇಲ್ಜಾತಿಯ ಮನೆಗಳ ಹುಡುಗರೂ ಬರುತ್ತಿದ್ದರು. ಅವರ ತಂದೆತಾಯಿಗಳಿಗೆ ಬೇಕಾಗಿದ್ದುದು ಸರಕಾರಿ ಕೆಲಸಕ್ಕೆ ದಾರಿಯಾಗುವ ಇಂಗ್ಲಿಷ್ ವಿದ್ಯೆಯೇ ಹೊರತು ಹೊಸ ಮತವಲ್ಲ. ಆನಂದರಾಯರು ಈ ಶಾಲೆಯ ವಿದ್ಯಾರ್ಥಿಯಾಗಿದ್ದರು.

ಮೊಗ್ಲಿಂಗರು ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತದವರು. ಆ ಸೀಮೆಯ ಭಕ್ತಿಪಂಥದವರ ದೃಷ್ಟಿಯಲ್ಲಿ ಮತವೆಂದರೆ ವಿಧಿವಿಧಾನಗಳಿಗಿಂತ ಹೆಚ್ಚಾಗಿ ಹೃದಯದ ಪರಿವರ್ತನೆ. ಪಾಪದ ಅರಿವು, ಕ್ಷಮೆಯ ನಂಬಿಕೆ, ಅದರಿಂದ ಹುಟ್ಟಿ ಕಷ್ಟದಲ್ಲೂ ಕುಂದದೆ ಉಳಿಯುವ ಆನಂದ ಎಂಬುದು ಅವರು ಬೋಧಿಸುತ್ತಿದ್ದ ಕ್ರಮ. ಆನಂದವೆಂಬುದು ವೇದಾಂತದಲ್ಲಿ ಬ್ರಹ್ಮದ ಸ್ವರೂಪವನ್ನೇ ಹೇಳುವ ಪದ. ಅದನ್ನು ಹೆಸರಿನಲ್ಲೇ ಹೊತ್ತಿದ್ದ ಬ್ರಾಹ್ಮಣ ಯುವಕ ಆ ಪದಕ್ಕೆ ಬೇರೊಂದು ಅರ್ಥವನ್ನು ಕಂಡುಕೊಂಡದ್ದು ಈ ಪರಿಸರದಲ್ಲಿ.

ದೀಕ್ಷಾಸ್ನಾನ ಮತ್ತು ಅದರ ಪರಿಣಾಮ

1844ರ ಜನವರಿಯಲ್ಲಿ ಆನಂದರಾಯರು ಇನ್ನಿಬ್ಬರು ಬ್ರಾಹ್ಮಣ ಯುವಕರೊಂದಿಗೆ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದರು. ಆಗ ಅವರಿಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಗುರುವಿನ ಹೆಸರಾದ ಹರ್ಮನ್ ಎಂಬುದನ್ನು ಅವರು ಸ್ವೀಕರಿಸಿದರೂ ತಮ್ಮ ಹಳೆಯ ಹೆಸರನ್ನು ಬಿಡಲಿಲ್ಲ.

ಊರಿನಲ್ಲಿ ಕೋಲಾಹಲವೆದ್ದಿತು. ಅಂದಿನ ಬ್ರಾಹ್ಮಣ ಸಮಾಜದಲ್ಲಿ ಮತಾಂತರವೆಂದರೆ ಕೇವಲ ನಂಬಿಕೆಯ ಬದಲಾವಣೆಯಾಗಿರಲಿಲ್ಲ. ಮತಾಂತರಗೊಂಡವನು ಜಾತಿಯಿಂದ ಹೊರಗಾಗುತ್ತಿದ್ದನು; ಮನೆಯವರೊಡನೆ ಉಣ್ಣುವಂತಿರಲಿಲ್ಲ, ಕುಟುಂಬದ ಶ್ರಾದ್ಧಾದಿ ಕರ್ಮಗಳಿಗೆ ಅನರ್ಹನಾಗುತ್ತಿದ್ದನು. ಮತ ಬದಲಿಸಿದವರ ಆಸ್ತಿಯ ಹಕ್ಕನ್ನು ಕಾಪಾಡುವ ಕಾಯಿದೆ ಜಾರಿಗೆ ಬಂದದ್ದು ಆರು ವರ್ಷಗಳ ಅನಂತರ, 1850ರಲ್ಲಿ. ಎಲ್ಲಕ್ಕಿಂತ ಕಠಿನವಾದ ಅಗಲಿಕೆ ಪತ್ನಿಯದು. ಆನಂದರಾಯರಿಗೆ ಅದಕ್ಕೆ ಮೊದಲೇ ಲಕ್ಷ್ಮಿ ಎಂಬವರೊಡನೆ ವಿವಾಹವಾಗಿತ್ತು. ಅವರು ಗಂಡನ ಹೊಸ ಮತವನ್ನು ಒಪ್ಪಲಿಲ್ಲ, ಅವನೊಡನೆ ಬಾಳಲು ಬರಲೂ ಇಲ್ಲ. ಆನಂದರಾಯರು ಬಹುಕಾಲ ಅವರ ದಾರಿ ಕಾದರು. ಈ ಕಥೆಯನ್ನು ಹೇಳುವವರು ಹೆಚ್ಚಾಗಿ ಗಂಡನ ತ್ಯಾಗವನ್ನಷ್ಟೇ ನೆನೆಯುತ್ತಾರೆ. ಗಂಡನಿದ್ದೂ ಇಲ್ಲದಂತಾದ ಹೆಣ್ಣುಮಗಳು ಅಂದಿನ ಸಮಾಜದಲ್ಲಿ ತೆತ್ತ ಬೆಲೆಯೂ ಸಣ್ಣದಾಗಿರಲಾರದು.

ಬಾಸೆಲ್‌ನಲ್ಲಿ

ಮೊಗ್ಲಿಂಗರು ಯುರೋಪಿಗೆ ಹೋದಾಗ ಶಿಷ್ಯನನ್ನೂ ಜತೆಯಲ್ಲಿ ಕರೆದೊಯ್ದರು. 1846ರಿಂದ 1851ರವರೆಗೆ ಕೌಂಡಿನ್ಯರು ಬಾಸೆಲ್‌ನ ಮಿಶನ್ ಶಾಲೆಯಲ್ಲಿ ವ್ಯಾಸಂಗ ಮಾಡಿದರು. 1851ರಲ್ಲಿ ಪಾದ್ರಿದೀಕ್ಷೆ ಪಡೆದು ಮಂಗಳೂರಿಗೆ ಹಿಂದಿರುಗಿ, ಉಪದೇಶಕರನ್ನು ಸಿದ್ಧಪಡಿಸುವ ಶಾಲೆಯಲ್ಲಿ ಅಧ್ಯಾಪಕರಾದರು. ಯುರೋಪಿಯನ್ ಪಾದ್ರಿಗಳಿಗೆ ಸರಿಸಮನಾದ ಸ್ಥಾನದಲ್ಲಿ ದೇಶೀಯನೊಬ್ಬ ನಿಲ್ಲುವುದು ಆ ಕಾಲದಲ್ಲಿ ತೀರ ವಿರಳವಾಗಿತ್ತು.

ಆನಂದಪುರ

1853ರಲ್ಲಿ ಮೊಗ್ಲಿಂಗರು ಸ್ತೆಫಾನ ಸೋಮಯ್ಯ ಎಂಬ ಮತಾಂತರಗೊಂಡ ಕೊಡವರೊಂದಿಗೆ ಕೊಡಗಿಗೆ ತೆರಳಿದರು. ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡು ಆಗ ಎರಡು ದಶಕಗಳಾಗುತ್ತ ಬಂದಿದ್ದವು. ಗದ್ದೆಗಳಲ್ಲಿ ದುಡಿಯುತ್ತಿದ್ದ ಹೊಲೆಯ ಕುಟುಂಬಗಳು ತಲೆಮಾರುಗಳಿಂದ ಒಡೆಯರ ಜೀತದಲ್ಲಿದ್ದವು. 1843ರ ಕಾಯಿದೆ ಗುಲಾಮಗಿರಿಯ ಮಾನ್ಯತೆಯನ್ನು ತೆಗೆದುಹಾಕಿದ್ದರೂ ಅವರ ದಿನದ ಬದುಕು ಹೆಚ್ಚು ಬದಲಾಗಿರಲಿಲ್ಲ. ಇಂತಹ ಕುಟುಂಬಗಳಲ್ಲಿ ಕೆಲವು ಕ್ರೈಸ್ತ ಮತಕ್ಕೆ ಬಂದಾಗ, ಅವರಿಗೆ ನೆಲೆಯೂ ದುಡಿಮೆಯೂ ಬೇಕಾಯಿತು. ಅಮ್ಮತ್ತಿಯ ಸಮೀಪ ಅವರಿಗಾಗಿ ಹೊಸ ಊರೊಂದು ಎದ್ದಿತು. ಅದಕ್ಕೆ ಆನಂದಪುರವೆಂಬ ಹೆಸರಾಯಿತು.

ಕೌಂಡಿನ್ಯರು ಇಲ್ಲಿ ಗುರುವಿನ ಜತೆ ಸೇರಿದರು. ಸ್ವಂತ ಹಣವನ್ನು ಹಾಕಿ ಭೂಮಿ ಕೊಂಡು, ಊರಿನವರಿಗೆ ಉದ್ಯೋಗವಾಗಲೆಂದು ಕಾಫಿ ತೋಟ ಮಾಡಲು ತೊಡಗಿದರು. ಕೊಡಗಿನಲ್ಲಿ ತೋಟಗಾರಿಕೆ ವ್ಯಾಪಾರದ ಸ್ವರೂಪದಲ್ಲಿ ಆಗತಾನೇ ಬೇರೂರುತ್ತಿತ್ತು. ತೋಟ ಕೈಹಿಡಿಯುವುದೆಂಬ ಭರವಸೆಯೇನೂ ಇರಲಿಲ್ಲ. ಹೊಲೆಯರ ನೆರಳೂ ಸೋಕಬಾರದೆಂಬ ಸಮಾಜದಲ್ಲಿ ಹುಟ್ಟಿ ಬೆಳೆದ ಬ್ರಾಹ್ಮಣನೊಬ್ಬ ಅವರ ನಡುವೆ ಮನೆ ಮಾಡಿ, ಅವರ ಪಾದ್ರಿಯೂ ತೋಟದ ಯಜಮಾನನೂ ಆದದ್ದು ಅವರ ಮತಾಂತರದಷ್ಟೇ ದೊಡ್ಡ ಘಟನೆ. ಒಬ್ಬನೇ ವ್ಯಕ್ತಿ ಸಭೆಗೆ ಪಾದ್ರಿಯಾಗಿಯೂ ಅದೇ ಸಭೆಯ ಕೂಲಿಗಳಿಗೆ ಒಡೆಯನಾಗಿಯೂ ಇರುವುದರಲ್ಲಿನ ತೊಡಕನ್ನೂ ಇಲ್ಲಿ ಗಮನಿಸಬೇಕು.

1860ರಲ್ಲಿ ಕೌಂಡಿನ್ಯರು ಮರಿ ರೈನ್‌ಹಾರ್ಟ್ ಎಂಬ ಜರ್ಮನ್ ಮಹಿಳೆಯನ್ನು ವಿವಾಹವಾದರು. ಭಾರತೀಯ ಪಾದ್ರಿ ಮತ್ತು ಯುರೋಪಿಯನ್ ಮಹಿಳೆಯ ಇಂತಹ ವಿವಾಹ ಅಂದು ಅಪೂರ್ವವಾಗಿತ್ತು. ಅದೇ ವರ್ಷ ಮೊಗ್ಲಿಂಗರು ಸ್ವದೇಶಕ್ಕೆ ಮರಳಿದರು. ಮತ್ತೆ ಭಾರತಕ್ಕೆ ಬರಲಿಲ್ಲ. ಆನಂದಪುರದ ಭಾರ ಶಿಷ್ಯನ ಹೆಗಲಿಗೆ ಬಂದಿತು. ಮೊಗ್ಲಿಂಗರು 1881ರಲ್ಲಿ ಜರ್ಮನಿಯ ಎಸ್ಲಿಂಗೆನ್ ಪಟ್ಟಣದಲ್ಲಿ ನಿಧನರಾದರು.

ಕೌಂಡಿನ್ಯರು 1893ರಲ್ಲಿ ತೀರಿಕೊಂಡರು. ದೀಕ್ಷಾಸ್ನಾನವಾಗಿ ಆಗ ನಲವತ್ತೊಂಬತ್ತು ವರ್ಷಗಳಾಗಿದ್ದವು. ಅಮ್ಮತ್ತಿಯ ಬಳಿ ಆನಂದಪುರದಲ್ಲಿ ಕಾಫಿ ತೋಟಗಳ ನಡುವೆ ಚರ್ಚು ಇಂದಿಗೂ ಇದೆ.